ಸಹಾಯ ಬೇಕು: 40 ನಿಮಿಷದ ಪೀರಿಯಡ್‌ನಲ್ಲಿ ಅಣಕು ಗ್ರಾಮಸಭೆ ಹೇಗೆ?

ಯಾದಗಿರಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆ, 9ನೇ ತರಗತಿ. ಸಂವಿಧಾನದ 51ಎ ವಿಧಿಯ 11 ಮೂಲಭೂತ ಕರ್ತವ್ಯ ಕೇಳಿದ್ರೆ ಮಕ್ಕಳು ಗಡಗಡ ಒಪ್ಪಿಸ್ತಾರೆ; ಓಣಿಯ ನಳಕ್ಕೆ ನೀರು ಬರದಿದ್ರೆ ಪಿಡಿಒಗೆ (ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ) ಅರ್ಜಿ ಬರೀರಿ ಅಂದ್ರೆ ಪೆನ್ನು ಓಡಲ್ಲ.

ಅದಕ್ಕೇ ಅಣಕು ಗ್ರಾಮಸಭೆ: 5 ನಿಮಿಷ ಕಾರ್ಯಸೂಚಿ, 25 ಚರ್ಚೆ, 10 ನಡಾವಳಿ ಬರೆಯೋದು. ಕೆಡೋದು ಚರ್ಚೆಯಲ್ಲೇ. ಅಧ್ಯಕ್ಷನಾದ ಹುಡುಗ ಪ್ರತಿ ಮಾತಿಗೂ ಸರ್ ಮುಖ ನೋಡ್ತಾನೆ, ಹುಡುಗಿಯರು ಬಾಯೇ ಬಿಡಲ್ಲ. ಹೆಸರಿಲ್ಲದ ಚೀಟಿ ಬರೆಸಿ ಡಬ್ಬಿಗೆ ಹಾಕಿಸಿದ್ರೆ ಒಳ್ಳೊಳ್ಳೆ ಪ್ರಶ್ನೆ ಬರ್ತವೆ (ಶೌಚಾಲಯದ್ದೇ ಜಾಸ್ತಿ), ಆದ್ರೆ ಓದಿ ಮುಗಿಸೋದ್ರೊಳಗೆ ಬೆಲ್.

ಚೀಟಿಯನ್ನು ಹಿಂದಿನ ದಿನವೇ ವಿಂಗಡಿಸಿ ಎರಡು ಪೀರಿಯಡ್‌ಗೆ ಹಂಚಿ ಮಾಡಿದವರಿದ್ದೀರಾ? ಮಕ್ಕಳೇ ಬರೆದ ನಡಾವಳಿಯ ಒಂದು ಮಾದರಿ, ನಮ್ಮ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿ ಕೊಡೋ ಮೀಸಲಾತಿ ವಿವರಿಸೋಕೆ ಒಂದು ಚಟುವಟಿಕೆ ಇದ್ರೆ ಹಾಕ್ರಿ ಸರ್, ಮೇಡಂ.