ಯೂಟ್ಯೂಬ್ ನೋಡಿ ಮನೆಯಲ್ಲೇ ವ್ಯಾಯಾಮ: ಮೂರನೇ ವಾರಕ್ಕೆ ನಿಲ್ಲದ ಹಾಗೆ ಮಾಡೋದು ಹೇಗೆ?

ಮೂರನೇಮಹಡಿ:

ಬೆಳ್ಳಂದೂರಿನಲ್ಲಿ 2 ಬಿಎಚ್‌ಕೆ ಬಾಡಿಗೆ ಮನೆ. ಟೀಪಾಯಿ ಸರಿಸಿದರೆ ಹಾಲ್‌ನಲ್ಲಿ 6 ಅಡಿಗೆ 7 ಅಡಿ ಜಾಗ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಸಾಮಾನು ಅಂತ ಇರೋದು ಒಂದು ಯೋಗ ಮ್ಯಾಟ್. ಮಂಗಳವಾರದಿಂದ ಗುರುವಾರ ಆಫೀಸು, ರಿಂಗ್ ರೋಡ್ ಟ್ರಾಫಿಕ್ ದಾಟಿ ಮನೆ ಸೇರೋದು ರಾತ್ರಿ 8ಕ್ಕೆ. ವಿಡಿಯೊ ನೋಡ್ಕೊಂಡು ಮಾಡೋದು ಎರಡು ವಾರ ನಡೆಯುತ್ತೆ, ಆಮೇಲೆ ನಿಲ್ಲುತ್ತೆ. ಎಂಥ ವಿಡಿಯೊ ಆರಿಸಬೇಕು, ವಾರಕ್ಕೆ ಎಷ್ಟು ದಿನ ಮಾಡಬೇಕು, ಕೆಳಗಿನ ಮನೆಗೆ ಸದ್ದಾಗದ ಹಾಗೆ ಹೇಗೆ ಅಂತ ಗೊತ್ತಿರೋರು ಹೇಳಿ.

ಬಸ್ಕಿ108:

ಬಹಳ ಜನರದ್ದು ನಿಲ್ಲೋದು ವ್ಯಾಯಾಮದಲ್ಲಲ್ಲ, ವಿಡಿಯೊ ಹುಡುಕೋದರಲ್ಲಿ. ಮ್ಯಾಟ್ ಹಾಸಿದ ಮೇಲೆ "ಇವತ್ತು ಯಾವುದು ಮಾಡಲಿ" ಅಂತ ಹತ್ತು ನಿಮಿಷ ಫೋನ್ ಉಜ್ಜುತ್ತಾ ಕೂತರೆ ಏಳೋ ಮನಸ್ಸೇ ಹೋಗುತ್ತೆ. ದಿನಕ್ಕೊಂದು ಹೊಸ ವಿಡಿಯೊ ಮಾಡೋದರಲ್ಲಿ ಇನ್ನೂ ದೊಡ್ಡ ತೊಂದರೆ ಇದೆ. ಹೋದ ವಾರಕ್ಕಿಂತ ಈ ವಾರ ಮುಂದೆ ಬಂದಿದ್ದೀವಾ ಅಂತ ಅಳೆಯೋಕೆ ಏನೂ ಉಳಿಯಲ್ಲ.

ಹಾಗಾಗಿ ಭಾನುವಾರ ಕೂತು ಎರಡೇ ವಿಡಿಯೊ ಆರಿಸಿ, ನಾಲ್ಕು ವಾರ ಅವೇ ಇರಲಿ. 20–25 ನಿಮಿಷದ್ದು ಸಾಕು. ಮೊದಲು ಮಾಡದೆ ಒಮ್ಮೆ ಸುಮ್ಮನೆ ನೋಡಿ, ಒಂದೂವರೆ ಪಟ್ಟು ವೇಗದಲ್ಲಿ. ಶುರುವಿನಲ್ಲಿ ನಾಲ್ಕೈದು ನಿಮಿಷ ವಾರ್ಮಪ್ ಇದೆಯಾ, ಪ್ರತಿ ವ್ಯಾಯಾಮಕ್ಕೂ ಸುಲಭದ ರೂಪ ತೋರಿಸ್ತಾರಾ, ಪಕ್ಕದಿಂದ ಮೈ ಕಾಣುತ್ತಾ ಗಮನಿಸಿ. 20 ನಿಮಿಷದಲ್ಲಿ 30 ಬಗೆ ಮಾಡಿಸೋ ವಿಡಿಯೊ ಬೇಡ, ಒಂದೂ ಕೈಗೆ ಹತ್ತಲ್ಲ. ಐದಾರು ಬಗೆ, ಮೂರು ಸುತ್ತು, ಅಂಥದ್ದು ಒಳ್ಳೇದು. "10 ದಿನದಲ್ಲಿ ಹೊಟ್ಟೆ ಕರಗಿಸಿ" ಅನ್ನೋದನ್ನ ತೆರೆಯಲೇ ಬೇಡಿ. ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬು ಮಾತ್ರ ಕರಗಲ್ಲ. ಆರಿಸಿದ ಎರಡನ್ನೂ ಡೌನ್‌ಲೋಡ್ ಮಾಡಿಟ್ಟು ಏರೋಪ್ಲೇನ್ ಮೋಡ್‌ನಲ್ಲಿ ನೋಡಿ. ಕರೆಂಟ್ ಹೋಗಿ ವೈಫೈ ನಿಂತರೂ ನಡೆಯುತ್ತೆ, ಮಧ್ಯೆ ಆಫೀಸ್ ಮೆಸೇಜೂ ಬರಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ದೊಡ್ಡವರಿಗೆ ಹೇಳೋದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಅದರ ಜೊತೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡೋ ವ್ಯಾಯಾಮ. ನಿಮಗೆ ಸೋಮ, ಶುಕ್ರ, ಭಾನುವಾರ ಪೂರ್ತಿ ವಿಡಿಯೊ ಇಟ್ಕೊಳ್ಳಿ. ಆಫೀಸ್ ದಿನ ವಿಡಿಯೊನೇ ಬೇಡ: ಬಸ್ಕಿ 10, ಅಡುಗೆ ಕಟ್ಟೆಗೆ ಕೈ ಊರಿ ಪುಷಪ್ 10, ಪ್ಲ್ಯಾಂಕ್ (ಅಂಗೈ, ಕಾಲ್ಬೆರಳ ಮೇಲೆ ಮೈ ನೆಟ್ಟಗೆ ಹಿಡಿಯೋದು) 20 ಸೆಕೆಂಡ್, ಹೀಗೆ ಮೂರು ಸುತ್ತು. ಎಂಟು ನಿಮಿಷದ ಕೆಲಸ. ಶೂ ಬಿಚ್ಚಿದ ಕೂಡಲೇ ಮಾಡಿ, ಸೋಫಾಗೆ ಬೆನ್ನು ಕೊಟ್ಟರೆ ಆಮೇಲೆ ಏಳೋದು ಕಷ್ಟ. ಬಾಕಿ ನಿಮಿಷಗಳಿಗೆ ಬಿರುಸು ನಡಿಗೆ, ಲಿಫ್ಟ್ ಬಿಟ್ಟು ಮೆಟ್ಟಿಲು.

ಗೋಡೆ ಕ್ಯಾಲೆಂಡರ್ ಮೇಲೆ ಟಿಕ್ ಹಾಕೋದಲ್ಲ, ಅಂಕಿ ಬರೀರಿ: "ಬಸ್ಕಿ 12, 12, 9". ಮುಂದಿನ ಸಲ ಆ 9 ಅನ್ನ 10 ಮಾಡೋದಷ್ಟೇ ಗುರಿ.

21 ದಿನಕ್ಕೆ ಅಭ್ಯಾಸ ಆಗಿಬಿಡುತ್ತೆ ಅನ್ನೋ ಮಾತನ್ನ ನಂಬಿ ಕೂರಬೇಡಿ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಭ್ಯಾಸ ಕೂತಿದ್ದು ಸರಾಸರಿ 66 ದಿನಕ್ಕೆ, ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಕೆಡಲಿಲ್ಲ ಅಂತಲೂ ಅದರಲ್ಲಿದೆ. ಮೂರನೇ ವಾರ ಬೇಜಾರಾಗೋದು ಸಹಜ.

ಗರಡಿಮನೆ:

ಸದ್ದಿನ ವಿಷಯ. ನೆಗೆತದ ಪೆಟ್ಟು ಕಾಂಕ್ರೀಟ್ ಸ್ಲ್ಯಾಬ್‌ನಲ್ಲೇ ಕೆಳಗಿಳಿಯುತ್ತೆ, ಯೋಗ ಮ್ಯಾಟ್ ಅದನ್ನ ತಡೆಯಲ್ಲ. ನೆಗೆತ ಬಿಡೋದೇ ದಾರಿ. ಜಂಪಿಂಗ್ ಜ್ಯಾಕ್ ಬದಲು ಒಂದೊಂದೇ ಕಾಲು ಪಕ್ಕಕ್ಕೆ ಇಡುತ್ತಾ ಕೈ ಮೇಲೆತ್ತಿ. ಹೈ ನೀಸ್ ಬದಲು ಮಂಡಿಯನ್ನ ಸೊಂಟದ ಮಟ್ಟಕ್ಕೆತ್ತಿ ಮಾರ್ಚ್. ಜಂಪ್ ಸ್ಕ್ವಾಟ್ ಬದಲು ಮೂರು ಎಣಿಸುತ್ತಾ ಇಳಿದು, ಕೆಳಗೆ ಒಂದು ಎಣಿಸಿ, ಎದ್ದೇಳಿ. ನಿಧಾನ ಮಾಡಿದಷ್ಟೂ ತೊಡೆ ಉರಿಯುತ್ತೆ, ಸುಲಭ ಆಯ್ತು ಅನ್ಕೋಬೇಡಿ.

ಮ್ಯಾಟ್ 6 ಎಂಎಂ ಸಾಕು. 10–12 ಎಂಎಂ ಮೆತ್ತನೆಯದಾದರೆ ಪ್ಲ್ಯಾಂಕ್‌ನಲ್ಲಿ ಅಂಗೈ ಹೂತು ಮಣಿಕಟ್ಟು ಇನ್ನಷ್ಟು ಬಾಗುತ್ತೆ, ಒಂಟಿ ಕಾಲಿನ ವ್ಯಾಯಾಮದಲ್ಲಿ ತೂಕ ತಪ್ಪುತ್ತೆ. ಟೈಲ್ಸ್ ಮೇಲೆ ಮ್ಯಾಟ್ ಜಾರಿದರೆ ಅಡಿಭಾಗವನ್ನ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಸಾಮಾನ್ಯವಾಗಿ ಅದು ಧೂಳಿನ ಕಾಟ. ಸಾಕ್ಸ್ ಹಾಕ್ಕೊಂಡು ಮಾಡಲೇಬೇಡಿ.

ಬಸ್ಕಿ ಬಗ್ಗೆ ಒಂದು ಗೊಂದಲ ಬಿಡಿಸಬೇಕು. ಗರಡಿಯ ಬಸ್ಕಿಯಲ್ಲಿ ಇಳಿಯುವಾಗ ಹಿಮ್ಮಡಿ ಏಳುತ್ತೆ, ಅದು ಆ ಪದ್ಧತಿ. ವಿಡಿಯೊದವರ ಸ್ಕ್ವಾಟ್‌ನಲ್ಲಿ ಹಿಮ್ಮಡಿ ನೆಲ ಬಿಡಬಾರದು. ಎರಡನ್ನೂ ಬೆರೆಸಿ ಅರ್ಧ ಅದು ಅರ್ಧ ಇದು ಮಾಡಿದಾಗ ಮಂಡಿ ನೋಯುತ್ತೆ. ಹೊಸಬರು ಹಿಂದೆ ಕುರ್ಚಿ ಇಟ್ಟು, ಅದಕ್ಕೆ ತಾಗಿಯೂ ತಾಗದ ಹಾಗೆ ಇಳಿದು ಏಳಲಿ. ಮಂಡಿ ಒಳಕ್ಕೆ ಮಡಚಬಾರದು, ಕಾಲಿನ ಎರಡನೇ ಬೆರಳಿನ ದಿಕ್ಕಿಗೇ ಇರಬೇಕು.

ಫೋನ್ ನೆಲದ ಮೇಲೆ ಇಡಬೇಡಿ. ನಿಂತು ಮಾಡುವಾಗ ಕತ್ತು ಬಾಗಿಸಿ ನೋಡೋದು, ಪ್ಲ್ಯಾಂಕ್‌ನಲ್ಲಿ ಕತ್ತೆತ್ತಿ ನೋಡೋದು, ಎರಡೂ ಕತ್ತಿಗೆ ಕೆಟ್ಟದ್ದು. ಟಿವಿಗೆ ಹಾಕಿ, ಇಲ್ಲವೇ ಎತ್ತರದ ಸ್ಟೂಲ್ ಮೇಲಿಡಿ. ಎರಡನೇ ವಾರದಿಂದ ಕಿವಿಯಲ್ಲಿ ಕೇಳ್ಕೊಂಡೇ ಮಾಡಬಹುದು. ಅದೇ ವಿಡಿಯೊ ಮತ್ತೆ ಮತ್ತೆ ಮಾಡೋದರ ಲಾಭ ಅದು.

ಮೂರನೇಮಹಡಿ:

ತುಂಬಾ ಉಪಯೋಗ ಆಯ್ತು. ಡಂಬೆಲ್ ತಗೋಬೇಕಾ? ನೀರಿನ ಕ್ಯಾನ್ ನಡೆಯುತ್ತಾ?

ಯಾಲಕ್ಕಿಬಾಳೆ:

20 ಲೀಟರ್ ಕ್ಯಾನ್ ಅಂದರೆ 20 ಕೆಜಿ ನೀರು, ಸರಿಯಾದ ಹಿಡಿ ಇಲ್ಲ, ಎತ್ತಿದಾಗ ಒಳಗೆ ನೀರು ಹೊಯ್ದಾಡಿ ಸೊಂಟ ಎಳೆಯುತ್ತೆ. ಬೇಡ. ಭುಜಕ್ಕೆ ಲೀಟರ್ ಬಾಟಲ್ ಸಾಕು. ಬಸ್ಕಿಗೆ ಭಾರ ಬೇಕಾದರೆ 5 ಕೆಜಿ ಸೋನಾ ಮಸೂರಿ ಚೀಲವನ್ನ ಟವೆಲ್‌ನಲ್ಲಿ ಸುತ್ತಿ, ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಬೆನ್ನಿಗಂಟುವ ಹಾಗೆ ಇಡಿ.

ಆದರೆ ನಿಮಗೆ ಮೊದಲು ಬೇಕಾಗಿರೋದು ಡಂಬೆಲ್ ಅಲ್ಲ, ರೆಸಿಸ್ಟೆನ್ಸ್ ಬ್ಯಾಂಡ್, ಅಂದರೆ ಎಳೆದರೆ ಹಿಗ್ಗೋ ರಬ್ಬರ್ ಪಟ್ಟಿ. ಬರಿಗೈ ವಿಡಿಯೊಗಳಲ್ಲಿ ತಳ್ಳೋದು, ಕೂತು ಏಳೋದು ಧಾರಾಳ. ಎಳೆಯೋದು ಇರೋದೇ ಇಲ್ಲ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಭುಜ ಮುಂದಕ್ಕೆ ಬಾಗಿಸಿ ಕೂತವರು ಪುಷಪ್ ಮಾತ್ರ ಮಾಡ್ತಾ ಹೋದರೆ ಬೆನ್ನಿನ ಮೇಲ್ಭಾಗಕ್ಕೆ ಕೆಲಸವೇ ಸಿಗಲ್ಲ. ಕಾಲು ಚಾಚಿ ಕೂತು, ಬ್ಯಾಂಡನ್ನ ಪಾದದ ನಡುಭಾಗಕ್ಕೆ ಒಂದು ಸುತ್ತು ಹಾಕಿ, ಮೊಣಕೈ ಪಕ್ಕೆ ಉಜ್ಜುವ ಹಾಗೆ ಸೊಂಟದತ್ತ ಎಳೀರಿ. ಬೆನ್ನಿನ ಎರಡು ಹಲಗೆ ಮೂಳೆ ಹತ್ತಿರ ಬಂದಾಗ ಎರಡು ಸೆಕೆಂಡ್ ತಡೀರಿ. 12ರಂತೆ ಮೂರು ಸುತ್ತು, ಪುಷಪ್ ಇರೋ ದಿನವೇ.

ಬಾಗಿಲಿಗೆ ಸಿಕ್ಕಿಸೋದಾದರೆ ಚಿಲಕದ ಕಡೆಗಲ್ಲ, ಕೀಲಿನ ಕಡೆ. ನೀವು ಎಳೆದಷ್ಟೂ ಬಾಗಿಲು ಚೌಕಟ್ಟಿಗೆ ಒತ್ತಿಕೊಳ್ಳಬೇಕು. ನಿಮ್ಮತ್ತ ತೆರೆಯೋ ಬಾಗಿಲಾದರೆ ಅದರ ಆಚೆ ಬದಿ ಹೋಗಿ ನಿಲ್ಲಿ. ಚಿಲಕ ಹಾಕಿ. ಬ್ಯಾಂಡನ್ನ ಬಾಲ್ಕನಿ ಬಿಸಿಲಲ್ಲಿ ಒಣಹಾಕಬೇಡಿ, ಲ್ಯಾಟೆಕ್ಸ್ ಬಿರುಕು ಬಿಟ್ಟು ಮುಖಕ್ಕೆ ಹೊಡೆಯುತ್ತೆ. ಪ್ರತಿ ಸಲ ಎಳೆದು, ಬಿಳಿ ಗೆರೆ ಕಾಣುತ್ತಾ ನೋಡಿ.

ರಾತ್ರಿ ಊಟಕ್ಕೆ ಮುಂಚೆಯೇ ಮಾಡಿ. ಹಸಿವಾದರೆ ಒಂದು ಬಾಳೆಹಣ್ಣು ತಿಂದು ಅರ್ಧ ಗಂಟೆ ಬಿಡಿ. ಮುದ್ದೆ, ಅನ್ನ ಹೊಟ್ಟೆ ತುಂಬ ಉಂಡ ಮೇಲೆ ಕನಿಷ್ಠ ಎರಡು ಗಂಟೆ ಬೇಡ.

ಬಸ್ಕಿ108:

ಬ್ಯಾಂಡ್ ಮಾತು ನೂರಕ್ಕೆ ನೂರು ಸರಿ, ನನ್ನ ಪಟ್ಟಿಯಲ್ಲಿ ಅದು ಬಿಟ್ಟುಹೋಗಿತ್ತು. ಇನ್ನೊಂದು ವಿಷಯ: ನಾಲ್ಕು ವಾರ ಮುಗಿದಾಗ ಎರಡೂ ವಿಡಿಯೊ ಒಟ್ಟಿಗೆ ಬದಲಿಸಬೇಡಿ. ಒಂದನ್ನ ಉಳಿಸಿಕೊಂಡರೆ ಹಳೇ ಅಂಕಿ ಕೈಯಲ್ಲಿರುತ್ತೆ. ಹೊಸದರ ಮೊದಲ ವಾರ ಮೂರರ ಬದಲು ಎರಡೇ ಸುತ್ತು, ಯಾಕಂದರೆ 24ರಿಂದ 72 ಗಂಟೆವರೆಗೆ ಮೈಕೈ ನೋವು ಇರುತ್ತೆ. ಅದು ಮಾಂಸಖಂಡದ ಮಂದ ನೋವಾದರೆ ಹೆದರಬೇಡಿ. ಕೀಲಿನಲ್ಲಿ ಚುಚ್ಚಿದ ಹಾಗಾದರೆ ಆ ವ್ಯಾಯಾಮ ಬಿಡಿ. ಎದೆ ನೋವು, ತಲೆ ಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ಬಿಪಿ, ಶುಗರ್ ಇದ್ದರೆ ಶುರು ಮಾಡೋಕೆ ಮುಂಚೆಯೇ ಕೇಳಿಕೊಳ್ಳಿ.