ಪದ ಬೇಕು: ‘ಪ್ಯಾಸಿವ್ ಹೌಸ್’ (ಬೋರ್ಡಿಗೆ, ಶನಿವಾರದೊಳಗೆ)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆ ಪರಿಚಯದವರೊಬ್ಬರು ಮನೆ ಕಟ್ಟಿದ್ದಾರೆ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಜಾಗಗಳ ಬಗ್ಗೆ ಕೇಂದ್ರ ಸರ್ಕಾರ ಹೊರಡಿಸಿದ ಕರಡು ಅಧಿಸೂಚನೆಯ ಪಟ್ಟಿಯಲ್ಲಿ ಊರಿನ ಹೆಸರಿದೆ. ಜಂಬಿಟ್ಟಿಗೆ ಗೋಡೆ, ಹಳೇ ಮಂಗಳೂರು ಹೆಂಚು, ಒಳಗೆ ಮಣ್ಣು ಹಾಕಿದ ಮುಚ್ಚಿಗೆ, ಅಂದರೆ ಹೆಂಚಿನ ಕೆಳಗಿನ ಒಳಚಾವಣಿ. ಎಸಿ ಇಲ್ಲ, ಫ್ಯಾನು ಎರಡೇ. ನೋಡೋಕೆ ಜನ ಬರುತ್ತಾರೆ ಅಂತ ಗೇಟಿಗೊಂದು ಬೋರ್ಡು. ಎಂಜಿನಿಯರ್ ಕೊಟ್ಟ ಇಂಗ್ಲಿಷ್ ಬರಹದಲ್ಲಿ ‘ಪ್ಯಾಸಿವ್ ಹೌಸ್’ ಅಂತಿದೆ, ಎಸಿ ಹೀಟರ್ ಹೆಚ್ಚು ಬೇಡದ ಮನೆ ಅಂತ. ನಾನು ‘ನಿಷ್ಕ್ರಿಯ ಮನೆ’ ಅಂತ ಬರೆದುಕೊಟ್ಟೆ. ಮನೆಯವರು ಓದಿ ಸುಮ್ಮನಾದರು, ಅವರ ತಾಯಿ ಮಾತ್ರ “ನಾವಿನ್ನೂ ಬದುಕಿದ್ದೀವಲ್ಲ” ಅಂದರು. ಇನ್ಸುಲೇಷನ್‌ಗೆ ‘ಉಷ್ಣ ನಿರೋಧ’ ಹಾಕಿದ್ದೇನೆ, ಅದು ಪರವಾಗಿಲ್ಲ ಅಲ್ವಾ? ಇನ್ನೊಂದು, ಪರಿಸರ ಸೂಕ್ಷ್ಮ ‘ಪ್ರದೇಶ’ವೋ ‘ವಲಯ’ವೋ? ಬೋರ್ಡು ಮೂರಡಿ ಅಗಲ ಅಷ್ಟೇ. ಶನಿವಾರ ಬೆಳಿಗ್ಗೆ ಪೇಂಟರ್ ಬರುತ್ತಾರೆ.
– ವಿ.

ತಣ್ಮನೆ. ತಣ್ಣೀರು ಇದೆ, ತಂಗಾಳಿ ಇದೆ, ತಂಪು ಅನ್ನೋದೇ ತಣ್ಪು. ತಣ್ಮನೆ ಯಾಕಾಗಬಾರದು? ‘ನಿಷ್ಕ್ರಿಯ’ದಂಥ ಸಂಸ್ಕೃತದ ಹೊರೆ ಇನ್ನೆಷ್ಟು ದಿನ ಹೊರುತ್ತೀರಿ? ಚರ್ಚೆ ಮುಗಿಯಿತು ಅಂದುಕೊಳ್ಳುತ್ತೇನೆ.
– ಗು.

ಮುಗಿದಿಲ್ಲ. ತಣ್ಮನೆ ಅಂದರೆ ಆಲೂಗಡ್ಡೆ ಇಡುವ ಕೋಲ್ಡ್ ಸ್ಟೋರೇಜ್ ಅನ್ನಿಸುತ್ತದೆ. ‘ಪ್ಯಾಸಿವ್’ ಮೂಲ ನೋಡಿ. ಲ್ಯಾಟಿನ್ನಿನ ‘ಪಾತಿ’, ಅನುಭವಿಸು, ಸಹಿಸು ಅಂತ. ಆಸ್ಪತ್ರೆಯ ‘ಪೇಷೆಂಟ್’ ಕೂಡ ಅದರದೇ ಮಗು. ಹಾಗಾದರೆ ನಮ್ಮಲ್ಲಿ ‘ತಾಳು’ ಇದ್ದೇ ಇದೆಯಲ್ಲ. ಮಳೆ ತಾಳುವ, ಬಿಸಿಲು ತಾಳುವ ಮನೆ, ‘ತಾಳ್ಮನೆ’. ತಾಳ್ಮೆಯೂ ಪುಕ್ಕಟೆ ಒಳಗೆ ಬಂತು. ಈ ಧಾತುವಿನ ಬಗ್ಗೆ ಎಷ್ಟು ಸಲ ಬರೆದಿದ್ದೇನೋ, ಕೇಳುವವರಿಲ್ಲ.
– ನಾ.

ತಾಳ್ಮನೆ ಓದಿದವರು ತಾಳೆಗರಿ ಗುಡಿಸಲು ಅಂದುಕೊಳ್ಳುತ್ತಾರೆ. ಬಿಡಿ.
– ಗು.

ಇಬ್ಬರೂ ಪದದ ಬೆನ್ನು ಹತ್ತಿದ್ದೀರಿ ಮಾರಾಯ್ರೆ, ಮನೆ ಎಂಥದ್ದು ಅಂತ ಯಾರೂ ಕೇಳಲಿಲ್ಲ. ಪ್ಯಾಸಿವ್ ಹೌಸ್ ಅನ್ನೋದು ಜರ್ಮನಿಯ ಚಳಿಯಲ್ಲಿ ಬೆಳೆದ ಹೆಸರು. 1991ರಲ್ಲಿ ಡಾರ್ಮ್‌ಸ್ಟಾಟ್ ಊರಿನಲ್ಲಿ ಅಂಥ ಮೊದಲ ಮನೆಗಳಿಗೆ ಜನ ವಾಸಕ್ಕೆ ಬಂದರು. ಅದಕ್ಕೊಂದು ಲೆಕ್ಕ ಇದೆ: ಮನೆ ಬೆಚ್ಚಗಿಡಲು ಚದರ ಮೀಟರಿಗೆ ವರ್ಷಕ್ಕೆ 15 ಯೂನಿಟ್ ದಾಟಬಾರದು. ಅದಕ್ಕಾಗಿ ಒಂದು ಸಂದೂ ಬಿಡದೆ ಮುಚ್ಚುತ್ತಾರೆ, ಉಸಿರಾಡೋ ಗಾಳಿಯನ್ನು ಯಂತ್ರ ಇಟ್ಟು ಒಳಗೆ ತರುತ್ತಾರೆ. ನಮ್ಮ ಹೆಂಚಿನ ಮಾಡಿನಲ್ಲಿ ಸಂದು ಇರೋದೇ ಗಾಳಿಯಾಡಲಿ ಅಂತ. ಬಿಸಿ ಮೇಲೇರಿ ಆ ಸಂದಿನಲ್ಲಿ ಹೋಗುತ್ತದೆ, ಉಳಿದದ್ದನ್ನು ಮುಚ್ಚಿಗೆಯ ಮಣ್ಣು ಕೆಳಗೆ ಬಿಡುವುದಿಲ್ಲ. ಆಗುಂಬೆ ಸುತ್ತ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಲ್ಲಿ ಜರ್ಮನಿಯವರ ಥರ ಎಲ್ಲ ಮುಚ್ಚಿಕೊಂಡು ಕೂತು, ಕರೆಂಟ್ ಹೋಗಿ ಆ ಯಂತ್ರ ಒಂದು ವಾರ ನಿಂತರೆ ಬೀರುವಿನ ಬಟ್ಟೆಗೆಲ್ಲ ಬೂಷ್ಟು. ಅಂದರೆ ಎಂಜಿನಿಯರ್ ಬರೆದ ಇಂಗ್ಲಿಷ್ ಪದವೇ ಈ ಮನೆಗೆ ಸುಳ್ಳು. ಸುಳ್ಳಿಗೆ ಕನ್ನಡ ಹುಡುಕಿ ಏನು ಮಾಡುತ್ತೀರಿ?

‘ನಿಷ್ಕ್ರಿಯ’ ಅಂತೂ ಬೇಡ. ಈಗ ಆ ಪದ ಬದುಕಿರೋದು ಎರಡೇ ಕಡೆ, ಬಾಂಬ್ ನಿಷ್ಕ್ರಿಯ ದಳ ಮತ್ತು ವ್ಯವಹಾರ ನಿಂತ ಬ್ಯಾಂಕ್ ಖಾತೆ. ಆ ತಾಯಿ ಹೇಳಿದ್ದು ಸರಿಯಾಗೇ ಇದೆ. ನಿಜ ಹೇಳಬೇಕೆಂದರೆ ಪ್ಯಾಸಿವ್ ಅನ್ನೋದೇ ಕನ್ನಡಕ್ಕೆ ಒಗ್ಗದ ಕಾಯಿಲೆ. ವ್ಯಾಕರಣದ ಪ್ಯಾಸಿವ್ ವಾಯ್ಸ್, ಅಂದರೆ ಕರ್ಮಣಿ ಪ್ರಯೋಗವನ್ನು ಪುಸ್ತಕದಲ್ಲಿ ಓದಿದ್ದೇವೆ, “ಬಾಗಿಲು ಮುಚ್ಚಲ್ಪಟ್ಟಿತು” ಅಂತ ಯಾರ ಮನೆಯಲ್ಲಿ ಹೇಳುತ್ತಾರೆ? ಬಾಗಿಲು ಮುಚ್ಚಿಕೊಂಡಿತು ಅಂತೀವಿ. ನಮಗೆ ‘ಕೊಳ್ಳು’ ಇದೆ, ‘ಆಗು’ ಇದೆ. ಮನೆ ತಾನೇ ತಂಪಾಗುತ್ತದೆ. ಅಷ್ಟೇ, ಹಾಗೇ ಬರೆಯಿರಿ.

‘ಉಷ್ಣ ನಿರೋಧ’ ಪರವಾಗಿಲ್ಲವೇ ಅಂತ ಕೇಳಿದ್ದೀರಿ. ಪರವಾಗಿದೆ! 1968ರಲ್ಲಿ ಸರ್ಕಾರ ‘ನಿರೋಧ್’ ಅಂತ ಹೆಸರಿಟ್ಟು ಕಾಂಡೋಮ್ ಹಂಚಲು ಶುರು ಮಾಡಿತು, ಮನೆಯ ಹಿರಿಯರನ್ನು ಕೇಳಿ. ಹಳ್ಳಿಯ ಗೇಟಿನಲ್ಲಿ ‘ಉಷ್ಣ’ದ ಪಕ್ಕ ಅದನ್ನು ಬರೆಸಿದರೆ ಹುಡುಗರು ವರ್ಷಗಟ್ಟಲೆ ನಗುತ್ತಾರೆ. ಮುಚ್ಚಿಗೆ ಅಂತ ಒಳ್ಳೇ ಪದ ನೀವೇ ಮೇಲೆ ಬರೆದಿದ್ದೀರಿ, ಅದನ್ನೇ ಹಾಕಿ. ಮತ್ತೆ 2024ರ ಜುಲೈ 31ರ ಕರಡಿನದು ‘ಪ್ರದೇಶ’. ಅಭಯಾರಣ್ಯದ ಸುತ್ತ ಗುರುತಿಸೋದು ‘ವಲಯ’. ಎರಡೂ ಒಂದೇ ಅಂದುಕೊಂಡು ನಮ್ಮೂರಲ್ಲಿ ಅನೇಕರು ಸುಮ್ನೆ ಹೆದರಿ ಕೂತಿದ್ದಾರೆ.

ಗು. ಅವರೇ, ಸಂಸ್ಕೃತದ ಹೊರೆ ಇಳಿಸೋಣ ಅಂತೀರಲ್ಲ, ಇಟ್ಟಿಗೆ ಸಂಸ್ಕೃತದ ‘ಇಷ್ಟಿಕಾ’ದಿಂದ ಬಂದದ್ದು. ಕಿಟಕಿ ಉತ್ತರ ಭಾರತದ್ದು. ಮೇಸ್ತ್ರಿ ಪೋರ್ಚುಗೀಸರಿಂದ ಬಂದವನು. ಮೂರನ್ನೂ ವಾಪಸ್ ಕಳಿಸಿ, ಆಮೇಲೆ ತಣ್ಮನೆ ಕಟ್ಟಿ ನೋಡೋಣ.
– ಶೃಂಗೇರಿಯಿಂದ ಕೆ.

ಇಟ್ಟಿಗೆ ತದ್ಭವ. ಬಾಯಿಗೆ ಒಗ್ಗಿಸಿಕೊಂಡದ್ದು. ‘ನಿಷ್ಕ್ರಿಯ’ ಹಾಗೇ ಎತ್ತಿಟ್ಟದ್ದು. ಈ ವ್ಯತ್ಯಾಸ ತಿಳಿಯದವರ ಜೊತೆ ವಾದ ಮಾಡುವುದಿಲ್ಲ.
– ಗು.

‘ತಾಳು’ ಬಗ್ಗೆ ಯಾರೂ ಏನೂ ಹೇಳಲಿಲ್ಲ.
– ನಾ.

ಎಲ್ಲರಿಗೂ ಧನ್ಯವಾದ. ಬೋರ್ಡು ಆಯಿತು. ‘ತಾನೇ ತಂಪಾಗುವ ಮನೆ’ ಅಂತ ಬರೆಸಿದೆವು. ಮೂರಡಿಗೆ ಒಂದೇ ಸಾಲಿನಲ್ಲಿ ಹಿಡಿಸಲಿಲ್ಲ, ಪೇಂಟರ್ ‘ಮನೆ’ಯನ್ನು ಕೆಳಗೆ ಇಳಿಸಿದರು. ತಾಯಿಯವರಿಗೆ ಹಿಡಿಸಿತು. ಆದರೆ ಜೂನ್ ಬಂದ ಕೂಡಲೇ ಬೋರ್ಡು ತೆಗೆದು ಒಳಗಿಡಬೇಕಂತೆ, ಜಡಿಮಳೆಯಲ್ಲಿ ತಂಪು ಯಾರಿಗೆ ಬೇಕು ಅಂತಾರೆ.
– ವಿ.

ತಣ್ಮನೆ ಆಗಿದ್ದರೆ ಒಂದೂವರೆ ಅಡಿಯಲ್ಲಿ ಮುಗಿಯುತ್ತಿತ್ತು.
– ಗು.