ಮಗಳಿಗೆ 14: ರಾತ್ರಿ ನಿದ್ದೆ ಬರಲ್ಲ, ಬೆಳಿಗ್ಗೆ ಏಳೋಕಾಗಲ್ಲ

ಪ್ರಶ್ನೆ (ಡೊಂಬಿವಲಿ): ಶಾಲೆ 7ಕ್ಕೆ. 10ಕ್ಕೇ ಮಲಗಿಸಿದರೂ 11.30ರವರೆಗೆ ಹೊರಳಾಡ್ತಾಳೆ. ಈ ವಯಸ್ಸಿಗೆ ಎಷ್ಟು ನಿದ್ದೆ ಬೇಕು?

ಉತ್ತರ (ಪುಣೆ): 13ರಿಂದ 18ರವರೆಗೆ 8–10 ಗಂಟೆ. ಸೋಮಾರಿತನ ಅಂತ ಬೈಯಬೇಡಿ ಅಕ್ಕ. ಪ್ರಾಯ ಬರುವಾಗ ನಿದ್ದೆ ತರಿಸುವ ಹಾರ್ಮೋನು ಮೆಲಟೋನಿನ್ ಒಂದೆರಡು ಗಂಟೆ ತಡವಾಗಿ ಏರುತ್ತೆ. ಮಲಗುವ ಹೊತ್ತನ್ನು ಮೂರ್ನಾಲ್ಕು ದಿನಕ್ಕೊಮ್ಮೆ 15 ನಿಮಿಷ ಮಾತ್ರ ಬೇಗ ಮಾಡಿ. ಎದ್ದ ಕೂಡಲೇ ಬೆಳಕು ಬೇಕು. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟೋದೇ 7ರ ನಂತರ, ಅಲ್ಲಿಯವರೆಗೆ ಮನೆಯ ದೀಪಗಳನ್ನೆಲ್ಲ ಹಾಕಿ.

ಉತ್ತರ (ಮಡಗಾಂವ್): ಭಾನುವಾರ 11ರವರೆಗೆ ಮಲಗಿದರೆ ಸೋಮವಾರ ಮತ್ತೆ ಅದೇ ಕಥೆ. ಹೆಚ್ಚೆಂದರೆ ಒಂದು ಗಂಟೆ ತಡ. ಟ್ಯೂಷನ್ ಮುಗಿಸಿ ಬಂದಾಗ ಕಾಫಿ ಕೊಡಬೇಡಿ, ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಜೋರಾದ ಗೊರಕೆ ಇದ್ದರೆ ತಪ್ಪದೇ ಡಾಕ್ಟರಿಗೆ ತೋರಿಸಿ.

ಉತ್ತರ (ಠಾಣೆ): 2024ರಲ್ಲಿ ಮಹಾರಾಷ್ಟ್ರ ಸರ್ಕಾರ 9ಕ್ಕೆ ಮುಂಚೆ ಶಾಲೆ ಬೇಡ ಅಂದದ್ದು 4ನೇ ತರಗತಿವರೆಗೆ ಮಾತ್ರ. ತಡವಾದ ಶಾಲೆ ನಿಜಕ್ಕೂ ಬೇಕಾಗಿದ್ದು ಈ ದೊಡ್ಡ ಮಕ್ಕಳಿಗೆ. ಪಾಲಕರ ಸಭೆಯಲ್ಲಿ ಕೇಳಿ.